ವಾರಕ್ಕೆ 20 ಗಂಟೆ ಮೀರದಂತೆ ತಟ್ಟೆ ತೊಳೆಯತಕ್ಕದ್ದು

ಅಮೆರಿಕಕ್ಕೆ ಎಂ.ಎಸ್. ಓದಲು ಹೊರಟ ಹುಡುಗ ಮೊದಲು ಸಾಬೀತು ಮಾಡಬೇಕಾದದ್ದು ಏನು ಗೊತ್ತಾ? ತನಗೆ ದುಡಿಯುವ ಅಗತ್ಯವೇ ಇಲ್ಲ ಅಂತ. ಅದಕ್ಕಾಗಿ ಅಪ್ಪನ ಎಫ್‌ಡಿ, ದಾವಣಗೆರೆ ಸೈಟಿನ ಖಾತಾ, ಅಮ್ಮನ ಒಡವೆಯ ಮೌಲ್ಯಮಾಪನ, ಬ್ಯಾಂಕ್ ಸಾಲದ ಮಂಜೂರಾತಿ ಪತ್ರ, ಎಲ್ಲವನ್ನೂ ಫೈಲಿಗೆ ತುರುಕಿಕೊಂಡು ಚೆನ್ನೈಗೋ ಹೈದರಾಬಾದಿಗೋ ಹೋಗಿ ವೀಸಾ ಕೊಡುವವರ ಗಾಜಿನ ಕಿಟಕಿ ಮುಂದೆ ನಿಲ್ಲುತ್ತಾನೆ. ಒಂದು ವರ್ಷದ ಫೀಸು, ಬಾಡಿಗೆ, ಊಟ ಎಲ್ಲಕ್ಕೂ ದುಡ್ಡಿದೆ ಎಂದು ಯೂನಿವರ್ಸಿಟಿ ಕೊಟ್ಟ ಐ-20 ಎಂಬ ಕಾಗದ ಸಾಕ್ಷಿ ಹೇಳುತ್ತದೆ. ಕ್ಯಾಂಟೀನಿನಲ್ಲಿ ದುಡಿದು ತೂಗಿಸುತ್ತೇನೆ ಅಂತ ಅಲ್ಲಿ ಬಾಯಿ ಬಿಟ್ಟರೆ ಮುಗಿಯಿತು. ಹೀಗೆ ಯೂನಿವರ್ಸಿಟಿಯ ಮುಂದೆ, ಅಮೆರಿಕ ಸರ್ಕಾರದ ಮುಂದೆ ಶ್ರೀಮಂತನೆನಿಸಿಕೊಂಡವನು ವಿಮಾನ ಇಳಿದ ಮೂರನೇ ವಾರಕ್ಕೆ ಡೈನಿಂಗ್ ಹಾಲ್ ಮ್ಯಾನೇಜರ್ ಎದುರು ಕೈಕಟ್ಟಿ ನಿಂತಿರುತ್ತಾನೆ.

ಕೆಲಸ ಇಲ್ಲ ಅಂತಲ್ಲ. ಯೂನಿವರ್ಸಿಟಿಯ ಕೆಲಸದ ಪೋರ್ಟಲ್ ತೆರೆದರೆ ಬೇಕಾದಷ್ಟಿವೆ. ಲೈಬ್ರರಿ ಕೌಂಟರಿನಲ್ಲಿ ಕೂರುವುದು, ಜಿಮ್‌ನಲ್ಲಿ ಟವೆಲ್ ಮಡಿಸುವುದು, ಊಟದ ಹಾಲಿನ ಬಾಗಿಲಲ್ಲಿ ಐಡಿ ಕಾರ್ಡ್ ಉಜ್ಜುವುದು. ಕೂತಲ್ಲೇ ಹೋಮ್‌ವರ್ಕ್ ಮಾಡಿಕೊಳ್ಳಬಹುದಾದ ಸುಖದ ಕೆಲಸಗಳು. ಕ್ಲಿಕ್ ಮಾಡಿದರೆ ಕೆಳಗೆ ಸಣ್ಣಕ್ಷರದಲ್ಲಿ ‘ವರ್ಕ್-ಸ್ಟಡಿ ವಿದ್ಯಾರ್ಥಿಗಳಿಗೆ ಮಾತ್ರ’. ಅದು 1964ರಲ್ಲಿ ಶುರುವಾದ ಯೋಜನೆ. ಹಣದ ಅಡಚಣೆ ಇರುವ ಅಮೆರಿಕದ ವಿದ್ಯಾರ್ಥಿಗಳ ಕೂಲಿಯಲ್ಲಿ ಒಂದು ಪಾಲನ್ನು ಅಲ್ಲಿನ ಸರ್ಕಾರವೇ ಕೊಡುತ್ತದೆ. ಅವರ ತೆರಿಗೆ, ಅವರ ಮಕ್ಕಳು. ತಕರಾರಿಲ್ಲ.

ನಮ್ಮವನಿಗೆ ಉಳಿಯುವುದು ಡಿಶ್ ರೂಮು. ಅದಕ್ಕೂ ರೆಸ್ಯೂಮೆ ಬೇಕು, ಕವರ್ ಲೆಟರ್ ಬೇಕು, ಇಬ್ಬರ ಶಿಫಾರಸು ಇದ್ದರೆ ಒಳ್ಳೆಯದು. ವಿಟಿಯುನಲ್ಲಿ ಬಿ.ಇ., ಮಷಿನ್ ಲರ್ನಿಂಗ್ ಪ್ರಾಜೆಕ್ಟು, ಎರಡು ವರ್ಷ ಬೆಂಗಳೂರಿನ ಐಟಿ ಕಂಪನಿ. ಮನೆಯಲ್ಲಿ ಉಂಡ ತಟ್ಟೆಯನ್ನೂ ಎತ್ತಿಡದವನು ‘ಆತಿಥ್ಯ ಕ್ಷೇತ್ರದಲ್ಲಿ ನನಗೆ ಮೊದಲಿಂದಲೂ ಅಪಾರ ಆಸಕ್ತಿ’ ಎಂದು ಬರೆಯುತ್ತಾನೆ. ಅಮ್ಮ ಓದಿದರೆ ಬಿದ್ದು ಬಿದ್ದು ನಕ್ಕಾಳು.

ವಿದ್ಯಾರ್ಥಿ ವೀಸಾದಲ್ಲಿ ಬಂದವನ ಕೆಲಸ ಕ್ಯಾಂಪಸ್ಸಿನೊಳಗೇ ಇರಬೇಕು ಎಂಬುದು ನಿಯಮ. ಕೇಳಲು ಸುಲಭವಾಗಿದೆ ಅಲ್ವಾ? ಆದರೆ ಕ್ಯಾಂಪಸ್ಸಿನೊಳಗೆ ಇರುವುದೆಲ್ಲ ಕ್ಯಾಂಪಸ್ ಅಲ್ಲ. ಒಳಗೆ ಖಾಸಗಿ ಕಂಪನಿ ನಡೆಸುವ ಬರ್ಗರ್ ಅಂಗಡಿಯಲ್ಲಿ ದುಡಿಯಬಹುದು. ಅದು ವಿದ್ಯಾರ್ಥಿಗಳಿಗೆ ನೇರ ಸೇವೆ. ಅದರ ಪಕ್ಕದಲ್ಲೇ ಹೊಸ ಹಾಸ್ಟೆಲ್ ಏಳುತ್ತಿದ್ದರೆ, ಆ ಕಟ್ಟಡ ಕಂಪನಿಯಲ್ಲಿ ದುಡಿಯುವಂತಿಲ್ಲ. ನಾನು ತಮಾಷೆಗೆ ಹುಟ್ಟಿಸಿದ್ದಲ್ಲ ಇದು. ಕ್ಯಾಂಪಸ್ಸಿನಲ್ಲಿ ಕಟ್ಟಡ ಕಟ್ಟುವ ಕಂಪನಿಯ ಉದಾಹರಣೆ ಫೆಡರಲ್ ನಿಯಮದಲ್ಲೇ ಅಚ್ಚಾಗಿದೆ. ಅಂದರೆ ಸಿವಿಲ್ ಎಂಜಿನಿಯರಿಂಗ್ ಓದುವ ಹುಡುಗ ತಾನೇ ಮಲಗಬೇಕಾದ ಹಾಸ್ಟೆಲಿನ ಗೋಡೆಗೆ ಟೇಪು ಹಿಡಿಯುವಂತಿಲ್ಲ. ಆ ಗೋಡೆ ಎಬ್ಬಿಸುತ್ತಿರುವ ಮೇಸ್ತ್ರಿಗೆ ಬರ್ಗರ್ ಮಾರಬಹುದು. ಇನ್ನೊಂದು ಕಡೆ, ಊರಾಚೆ ಮೈಲಿಗಟ್ಟಲೆ ದೂರ ಇರುವ ಸಂಶೋಧನಾ ಕೇಂದ್ರಕ್ಕೆ ಯೂನಿವರ್ಸಿಟಿಯ ಜೊತೆ ಶೈಕ್ಷಣಿಕ ನಂಟಿದ್ದರೆ ಅದು ಕ್ಯಾಂಪಸ್ಸಿನೊಳಗೇ ಇದ್ದಂತೆ ಲೆಕ್ಕ. ಭೂಗೋಳದ ಮೇಷ್ಟ್ರುಗಳು ಇದಕ್ಕೆ ಸಹಿ ಹಾಕಿದ್ದಾರೋ ಏನೋ.

ಇನ್ನೊಂದು ಷರತ್ತಿದೆ. ಇವನು ಸೇರಿದ್ದರಿಂದ ಅಮೆರಿಕದ ನಿವಾಸಿಯೊಬ್ಬರು ಆ ಕೆಲಸ ಕಳೆದುಕೊಳ್ಳಬಾರದು. ರಾತ್ರಿ ಹತ್ತು ಗಂಟೆಗೆ ಒಣಗಿ ಅಂಟಿದ ಚೀಸ್ ಕೆರೆಯುವ ಹುದ್ದೆಗೆ ಹೊರಗೆ ಎಷ್ಟು ಜನ ಸರತಿ ನಿಂತಿದ್ದಾರೆ ಎಂದು ಬಾಗಿಲು ತೆರೆದು ನೋಡುವವರು ಯಾರೂ ಇಲ್ಲ.

ಸರಿ, ಕೆಲಸ ಸಿಕ್ಕಿತು ಅಂದುಕೊಳ್ಳಿ. ಈಗ ಸೋಷಿಯಲ್ ಸೆಕ್ಯುರಿಟಿ ನಂಬರ್, ಅಂದರೆ ಅಲ್ಲಿ ದುಡಿಯುವವರಿಗೆ ಸರ್ಕಾರ ಕೊಡುವ ಒಂಬತ್ತು ಅಂಕಿಯ ಗುರುತಿನ ಸಂಖ್ಯೆ. ಆ ಕಚೇರಿಗೆ ಹೋದರೆ ‘ಕೆಲಸದ ಪತ್ರ ತನ್ನಿ, ಆಮೇಲೆ ನಂಬರ್’. ಕೆಲಸ ಕೊಟ್ಟವರ ಆನ್‌ಲೈನ್ ಫಾರ್ಮ್ ಎಷ್ಟೋ ಕಡೆ ಆ ಒಂಬತ್ತು ಅಂಕಿ ತುಂಬುವವರೆಗೆ ಮುಂದಿನ ಪುಟಕ್ಕೆ ಬಿಡಲ್ಲ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ನಂಬರ್ ಬರುವ ಮುಂಚೆಯೂ ಕೆಲಸ ಶುರು ಮಾಡಬಹುದು ಎಂದು ಕಾನೂನು ಹೇಳುತ್ತದೆ ನಿಜ. ಪಾಪ, ಕಾನೂನು ಆ ಫಾರ್ಮ್ ತುಂಬಿ ನೋಡಿಲ್ಲ. ದೇಶಕ್ಕೆ ಬಂದು ಹತ್ತು ದಿನ ಆಗುವವರೆಗೆ ನಂಬರ್ ಕೇಳಲು ಬರಬೇಡಿ ಎಂಬ ಸಲಹೆ ಬೇರೆ. ಇಷ್ಟೆಲ್ಲ ಪಾಡುಪಟ್ಟು ಕಾರ್ಡ್ ಕೈಗೆ ಬಂದ ಮೇಲೆ ತಿಳಿಯುತ್ತದೆ, ಇಂಥ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ ಐದು ವರ್ಷ ಸೋಷಿಯಲ್ ಸೆಕ್ಯುರಿಟಿ ತೆರಿಗೆಯನ್ನೇ ಕಟ್ಟಬೇಕಿಲ್ಲ! ಕೆಲಸ ಸಿಗದವನೂ ಸುಮ್ನೆ ಕೂರುವಂತಿಲ್ಲ. ಒಂದು ಸೆಂಟ್ ದುಡಿಯದಿದ್ದರೂ 8843 ಎಂಬ ತೆರಿಗೆ ಇಲಾಖೆಯ ಫಾರ್ಮ್ ತುಂಬಿ ಟೆಕ್ಸಾಸಿನ ಆಸ್ಟಿನ್‌ಗೆ ಅಂಚೆಯಲ್ಲಿ ಕಳಿಸಬೇಕು.

ಇಪ್ಪತ್ತು ಗಂಟೆಯ ಕಥೆಗೆ ಬರೋಣ. ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ, ಅಷ್ಟೇ. ಈ ವಾರ 18, ಮುಂದಿನ ವಾರ 22 ಮಾಡಿ ಸರಾಸರಿ ತೋರಿಸುವಂತಿಲ್ಲ. ಎರಡು ಕಡೆ ದುಡಿದರೆ ಎರಡೂ ಸೇರಿಯೇ 20. ಶುಕ್ರವಾರ ರಾತ್ರಿ ಬೆಲ್ಟ್ ಮೇಲೆ ತಟ್ಟೆಗಳು ಸಾಲಾಗಿ ಬರುತ್ತಿವೆ, ಒಬ್ಬ ಹುಡುಗ ರಜಾ ಹಾಕಿದ್ದಾನೆ, ‘ಇನ್ನೊಂದು ಅರ್ಧ ಗಂಟೆ ಇರಪ್ಪಾ’ ಎಂದು ಸೂಪರ್‌ವೈಸರ್ ಅಂಗಲಾಚುತ್ತಾನೆ. ಇವನು ಸೋಪಿನ ಕೈಯಲ್ಲೇ ಗಡಿಯಾರ ನೋಡಿ ಏಪ್ರನ್ ಬಿಚ್ಚುತ್ತಾನೆ. ಇಪ್ಪತ್ತೊಂದನೇ ಗಂಟೆಯ ತಟ್ಟೆ ತೊಳೆದರೆ ವೀಸಾ ಸ್ಥಾನಮಾನವೇ ತೊಳೆದುಹೋಗಬಹುದು. ಅಮೆರಿಕದ ಭದ್ರತೆಗೆ ಆ ತಟ್ಟೆಯಿಂದ ಏನು ಅಪಾಯವೋ ನನಗಂತೂ ಹೊಳೆದಿಲ್ಲ.

ಅದೇ ಕ್ಯಾಂಪಸ್ಸಿನ ಇನ್ನೊಂದು ಕಟ್ಟಡದಲ್ಲಿ ರಾತ್ರಿ ಎರಡಕ್ಕೂ ಲೈಟು ಉರಿಯುತ್ತಿರುತ್ತದೆ. ಅಲ್ಲಿರುವವನು ರಿಸರ್ಚ್ ಅಸಿಸ್ಟೆಂಟ್. ಅವನಿಗೂ ಕಾಗದದ ಮೇಲೆ 20 ಗಂಟೆಯೇ. ಉಳಿದ ನಲವತ್ತು ಗಂಟೆ ‘ಅವನದೇ ಥೀಸಿಸ್’. ಪ್ರೊಫೆಸರ್ ಪೇಪರಿನಲ್ಲಿ ಮೊದಲ ಹೆಸರೋ ಮೂರನೇ ಹೆಸರೋ ಬರುತ್ತದಲ್ಲ, ಇನ್ನೇನು ಬೇಕು? ಗಂಟೆ ಎಣಿಸುವವರು ಆ ಕಟ್ಟಡದ ಕಡೆ ತಲೆ ಹಾಕಲ್ಲ.

ಕೂಲಿ ಎಷ್ಟು ಅಂತೀರಾ? ಟೆಕ್ಸಾಸಿನಂಥ ರಾಜ್ಯದಲ್ಲಿ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. 2009ರಲ್ಲಿ ನಿಂತದ್ದು ಅಲ್ಲೇ ನಿಂತಿದೆ. ಕನಿಷ್ಠವೇ ಸಿಕ್ಕಿದರೆ ವಾರಕ್ಕೆ 145 ಡಾಲರ್. ಅದರಲ್ಲಿ ಫೀಸು ಕಟ್ಟುವುದಿರಲಿ, ಪಠ್ಯಪುಸ್ತಕ ಕೊಂಡರೂ ದೊಡ್ಡದು.

ಸಾಲಲ್ಲ ಅಂದರೆ ಹೊರಗೆ ದುಡಿಯಲು ಅನುಮತಿ ಕೇಳಬಹುದು. ‘ತೀವ್ರ ಆರ್ಥಿಕ ಸಂಕಷ್ಟ’ ಅಂತ ಅರ್ಜಿ ಹಾಕಬೇಕು. ಅದಕ್ಕೆ ಮೊದಲು ಒಂದು ಶೈಕ್ಷಣಿಕ ವರ್ಷ ಪೂರ್ತಿ ಮುಗಿದಿರಬೇಕು, ಆದ್ದರಿಂದ ಮೊದಲ ವರ್ಷ ದಯವಿಟ್ಟು ಕಷ್ಟಕ್ಕೆ ಬೀಳಬೇಡಿ. ಕರೆನ್ಸಿಯ ಬೆಲೆ ವಿಪರೀತ ಏರಿಳಿದರೆ ಅದೂ ಒಪ್ಪತಕ್ಕ ಕಾರಣಗಳ ಪಟ್ಟಿಯಲ್ಲಿದೆ. ಆದರೆ ಕಷ್ಟ ಮುಂಚೆ ಊಹಿಸಲಾಗದ್ದು ಆಗಿರಬೇಕಂತೆ. ರೂಪಾಯಿ ಬೀಳುತ್ತದೆ ಅಂತ ಊಹಿಸದ ಭಾರತೀಯ ಎಲ್ಲಿದ್ದಾನೆ ಸ್ವಾಮಿ?

ಈ ಅರ್ಜಿಯ ಶುಲ್ಕ, 2024ರ ಏಪ್ರಿಲ್‌ನಲ್ಲಿ ಬದಲಾದ ದರದ ಪ್ರಕಾರ, ಆನ್‌ಲೈನಿನಲ್ಲಿ 470 ಡಾಲರ್. ಕೈಯಲ್ಲಿ ಕಾಸಿಲ್ಲ ಎಂದು ಹೇಳಿಕೊಳ್ಳುವ ಫೀಸು ಇದು. ತಟ್ಟೆಯ ಲೆಕ್ಕದಲ್ಲಿ ಸುಮಾರು 65 ಗಂಟೆ. ಮೂರು ವಾರ ಪೂರ್ತಿ ತೊಳೆದರೂ ಸಾಲದು. ನಾಲ್ಕನೇ ವಾರದ ಮೊದಲ ಶಿಫ್ಟಿನಲ್ಲಿ ಭರ್ತಿಯಾಗುತ್ತದೆ, ತೆರಿಗೆ ಹಿಡಿಯದಿದ್ದರೆ, ಮತ್ತು ಅಲ್ಲಿಯವರೆಗೆ ಅವನು ಏನನ್ನೂ ಕೊಂಡು ತಿನ್ನದಿದ್ದರೆ.