ಒಲೆ ಕೊಳ್ಳೋಕೆ ಹೋಗುವಾಗ ಪಾತ್ರೆಯನ್ನೂ ಒಯ್ಯಿರಿ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಗ್ಯಾಸ್ ಇದೆ. ಆದರೂ ಸೌದೆ ಒಲೆ ಬೇಕೇ ಬೇಕು. ದನಗಳ ಅಕ್ಕಚ್ಚು ಕಾಯಿಸಬೇಕು, ಹಲಸಿನ ಬೀಜ ಬೇಯಿಸಬೇಕು, ಮಳೆಗಾಲದಲ್ಲಿ ಹಪ್ಪಳ ಸುಡೋಕೆ ಕೆಂಡ ಬೇಕು. ಇದಕ್ಕೆಲ್ಲ ಸಿಲಿಂಡರ್ ಉರಿಸೋಕಾಗುತ್ತಾ?

ಎರಡು ವರ್ಷದ ಹಿಂದೆ ಅಮ್ಮನ ಮಣ್ಣಿನ ಒಲೆ ಬಿರುಕು ಬಿಟ್ಟಿತು. ಫೋಟೋ ನೋಡಿ ಒಂದು ಸ್ಟೀಲ್ ಒಲೆ ತರಿಸಿದೆ. ಫಳಫಳ ಹೊಳೆಯುತ್ತಿತ್ತು. ಹೊಗೆಯೂ ಕಡಿಮೆಯೇ. ಆದರೆ ಅದಕ್ಕೆ ಬೆರಳು ದಪ್ಪದ ಚೆಕ್ಕೆಯೇ ಆಗಬೇಕು. ನಮ್ಮಲ್ಲಿರುವುದು ತೋಳು ದಪ್ಪದ ಕುಂಟೆ, ಅಡಿಕೆ ಮರದ ಸೀಳು, ತೆಂಗಿನ ಗರಿ. ಮೂರನೇ ದಿನ ಅಮ್ಮ ಹೇಳಿದರು, "ನೋಡೋಕೆ ಚಂದ ಕಣೋ. ಆದ್ರೆ ಹಿಟ್ಟು ಮಗುಚಿದ್ರೆ ಪಾತ್ರೆ ಜೊತೆ ಒಲೆನೂ ತಿರುಗುತ್ತೆ." ಅದು ಈಗ ಅಟ್ಟದ ಮೇಲಿದೆ. ಒಲೆ ಕೆಟ್ಟದ್ದಲ್ಲ. ಇಬ್ಬರಿರುವ ಮನೆಗೆ, ಚಹಾ, ಪಲ್ಯಕ್ಕೆ ಚೆನ್ನಾಗಿಯೇ ಇರುತ್ತಿತ್ತು. ನಮ್ಮ ಪಾತ್ರೆಗೆ, ನಮ್ಮ ಸೌದೆಗೆ ಅದು ಹೊಂದಲಿಲ್ಲ.

ಈ ಸಲ ಅಸ್ತ್ರ ಒಲೆ ಕಟ್ಟಿಸಿದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕೆಂದು ಶುರು ಮಾಡಿದ ಅಸ್ತ್ರ ಕೇಂದ್ರದಲ್ಲಿ ರೂಪುಗೊಂಡ ಒಲೆ ಇದು. ನಮ್ಮ ಹಳ್ಳಿಗಳ ಅಡುಗೆಮನೆಗೆಂದೇ ಮಾಡಿದ್ದು. ಸೌದೆ ತುರುಕುವ ಬಾಯಿ ಚಿಕ್ಕದು. ಉರಿಯ ಕೆಳಗೆ ಕಬ್ಬಿಣದ ಜಾಲರಿ. ಬೂದಿ ಕೆಳಗೆ ಬೀಳುತ್ತದೆ, ಗಾಳಿ ಅಲ್ಲಿಂದಲೇ ಮೇಲೇರುತ್ತದೆ. ಸಾಲಾಗಿ ಮೂರು ಪಾತ್ರೆ. ಮೊದಲನೆಯದಕ್ಕೆ ಉರಿ ನೇರವಾಗಿ ತಾಗುತ್ತದೆ. ಅದನ್ನು ದಾಟಿದ ಬಿಸಿ ಎರಡನೆಯದಕ್ಕೆ, ಮೂರನೆಯದಕ್ಕೆ ಹೋಗಿ, ಹೊಗೆ ಕೊಳವೆಯಿಂದ ಮಾಡಿನಾಚೆ ಹೊರಡುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಬಿಸಿಯಲ್ಲಿ ನೂರಕ್ಕೆ ಹತ್ತು ಹದಿನೈದರಷ್ಟು ಪಾತ್ರೆಗೆ ಸೇರಿದರೆ ಹೆಚ್ಚು. ಉಳಿದದ್ದು ಗಾಳಿಗೆ, ಗೋಡೆಗೆ.

ಇದರಲ್ಲಿ ಮುಖ್ಯವಾದದ್ದು ಪಾತ್ರೆ ಕೂರುವ ಬಾಯಿ. ಪಾತ್ರೆ ಅದರೊಳಗೆ ಇಳಿದು ಬಿಗಿಯಾಗಿ ಕೂರಬೇಕು. ಬೆರಳು ತೂರುವಷ್ಟು ಸಂದಿ ಇದ್ದರೂ ಹೊಗೆ ಅಲ್ಲಿಂದಲೇ ನುಗ್ಗುತ್ತದೆ. ಹಾಗಾಗಿ ಮೇಸ್ತ್ರಿ ಬಂದ ದಿನ ಅಮ್ಮ ತಮ್ಮ ಅನ್ನದ ಪಾತ್ರೆ, ಸಾರಿನ ಪಾತ್ರೆ, ಅಕ್ಕಚ್ಚಿನ ಬೋಗುಣಿ ಮೂರನ್ನೂ ತಂದು ಮುಂದಿಟ್ಟರು. ಅವನ್ನೇ ಇಟ್ಟು ಸುತ್ತ ಮಣ್ಣು ಮೆತ್ತಿದ್ದಾಯಿತು.

ಇಟ್ಟಿಗೆ, ಜಾಲರಿ, ಕೊಳವೆ, ಕೂಲಿ ಸೇರಿ ಐದು ಸಾವಿರದ ಹತ್ತಿರ ಬಂತು. "ಅಷ್ಟಾ?" ಅಂದರು ಪಕ್ಕದ ಮನೆಯವರು. ಸಂತೆಯಲ್ಲಿ ಇದರ ಕಾಲು ಭಾಗಕ್ಕೆ ತಗಡಿನ ಒಲೆ ಸಿಗುತ್ತದೆ, ನಿಜ. ಆದರೆ ನಾವು ಬೆಲೆ ಎಂದು ಒಲೆಯದ್ದನ್ನು ಮಾತ್ರ ಎಣಿಸುತ್ತೇವೆ. ಸೌದೆ ತೋಟದ್ದು, ಪುಕ್ಕಟೆ ಅಂತೀವಿ. ಸೀಳಿದವರ ಕೂಲಿ? ಮಳೆ ಬರುವ ಮೊದಲು ಅದನ್ನೆಲ್ಲ ಕೊಟ್ಟಿಗೆಯ ಅಟ್ಟಕ್ಕೆ ಹೊತ್ತ ಅಮ್ಮನ ಸೊಂಟ? ದಿನಕ್ಕೆ ನಾಲ್ಕು ಕೊಳ್ಳಿ ಕಡಿಮೆಯಾದರೂ ಅದು ಉಳಿತಾಯವೇ ಅಲ್ವಾ?

ಹಸಿ ಸೌದೆ ತುರುಕಿದರೆ ಮಾತ್ರ ಯಾವ ಒಲೆಯೂ ಕೈಕೊಡುತ್ತದೆ. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಮೊದಲು ಆ ನೀರು ಆವಿಯಾಗಬೇಕು, ಆಮೇಲೆ ನಿಮ್ಮ ಅನ್ನದ ಸರದಿ. ಕೊಳವೆಯ ಮಸಿಯನ್ನೂ ಆಗಾಗ ಉದುರಿಸುತ್ತಿರಬೇಕು.

ಇನ್ನು ಚಂದದ ವಿಷಯ. ಒಲೆಗೆ ಯಾಕೆ ಚಂದ ಎಂದು ನಾನೂ ಅಂದುಕೊಂಡಿದ್ದೆ. ಅಮ್ಮ ಕಟ್ಟೆಗೆ ಕೆಂಪು ಗಾರೆಯೇ ಬೇಕು ಎಂದು ಹಟ ಹಿಡಿದರು. ಸುಮ್ನೆ ಖರ್ಚು ಎಂದೆ. "ಇದರ ಮುಂದೆ ನಿಲ್ಲೋಳು ನಾನು" ಅಂದರು. ಮಾಡಿಸಿದೆ. ಈಗ ರಾತ್ರಿ ಕೆಲಸ ಮುಗಿದ ಮೇಲೆ ಅದನ್ನು ಒರೆಸಿ, ಅಂಚಿಗೆ ಎರಡೆಳೆ ರಂಗೋಲಿ ಎಳೆದೇ ಮಲಗುತ್ತಾರೆ. ಒರೆಸುವಾಗಲೇ ಬಿರುಕು ಕಣ್ಣಿಗೆ ಬೀಳುತ್ತದೆ, ಅವತ್ತೇ ಮಣ್ಣು ಮೆತ್ತುತ್ತಾರೆ. ಚಂದ ಇದ್ದದ್ದಕ್ಕೇ ಒಲೆ ಜಾಸ್ತಿ ದಿನ ಬಾಳುತ್ತದೆ ಎಂದು ಈಗ ನಾನೂ ನಂಬುತ್ತೇನೆ.

ಊದುಗೊಳವೆ ಮೂಲೆ ಸೇರಿದೆ. ಬಚ್ಚಲ ಒಲೆ ಇನ್ನೂ ಹಳೆಯದೇ. ಹಂಡೆಯ ಸುತ್ತಳತೆಗೆ ದಾರ ಹಿಡಿದು ಗಂಟು ಹಾಕಿ ಇಟ್ಟುಕೊಂಡಿದ್ದೇನೆ. ದೀಪಾವಳಿಯ ನೀರು ತುಂಬುವ ಹಬ್ಬದೊಳಗೆ ಅದನ್ನೂ ಕಟ್ಟಿಸಬೇಕು.