ಗುಡ್ಡ ಎದ್ದು ನಿಲ್ಲುವ ಕೋಣೆ ಧಾರವಾಡಕ್ಕೆ ಬೇಕಾ?

ಪ್ರಶ್ನೆ ಇಷ್ಟೇ. ವಿಜ್ಞಾನದ ಮಾಹಿತಿಯನ್ನು 3ಡಿ ಕನ್ನಡಕ ಹಾಕಿಕೊಂಡು ದೊಡ್ಡ ಪರದೆಯ ಮೇಲೆ ನೋಡಲೆಂದೇ ಒಂದು ಕೋಣೆಯನ್ನು ಧಾರವಾಡದ ಯಾವುದಾದರೂ ವಿಶ್ವವಿದ್ಯಾಲಯ ಕಟ್ಟಬೇಕೇ? ಎರಡೂ ಕಡೆ ನಾನೇ ಬರೆದಿದ್ದೇನೆ. ಒಂದು ಕಡೆ ದನಿ ಜೋರಾಗಿದ್ದರೆ ಅದು ನನ್ನ ಒಲವು ಅಂತಲೇ ತಿಳಿಯಿರಿ.

ಪರ

ಭೂವಿಜ್ಞಾನ ಓದಿದವರಿಗೆ ಮಿರರ್ ಸ್ಟೀರಿಯೋಸ್ಕೋಪ್ ಗೊತ್ತಿರುತ್ತದೆ. ಸಣ್ಣ ಕಾಲುಗಳ ಮೇಲೆ ನಿಂತ ಕನ್ನಡಿ ಮತ್ತು ಮಸೂರಗಳ ಉಪಕರಣ. ಅದರ ಕೆಳಗೆ ವಿಮಾನದಿಂದ ತೆಗೆದ ಎರಡು ಫೋಟೊ ಇಡಬೇಕು. ಒಂದರ ಸುಮಾರು ಶೇ. 60 ಭಾಗ ಇನ್ನೊಂದರಲ್ಲೂ ಇರುತ್ತದೆ. ಮೊದಲು ಎಲ್ಲ ಎರಡೆರಡಾಗಿ ಕಾಣುತ್ತದೆ. ಒಂದು ಫೋಟೊವನ್ನು ಬೆರಳಿನಿಂದ ಎಳ್ಳಷ್ಟು ಸರಿಸುತ್ತೀರಿ. ಇನ್ನೂ ಒಂಚೂರು. ಥಟ್ಟನೆ ಎರಡೂ ಕೂಡಿಕೊಂಡು ಗುಡ್ಡ ಮೇಲೆದ್ದು ಬರುತ್ತದೆ. ಮೊದಲ ಸಲ ನೋಡಿದಾಗ ನಾನು ಮುಟ್ಟಲು ಕೈ ಹಾಕಿದ್ದೆ. ಪಕ್ಕದವರು ನಕ್ಕರು. ಅವರೂ ಹಾಗೇ ಮಾಡಿದ್ದರಂತೆ.

ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರವಿದೆ. ಹಾಗಾಗಿ ಒಂದೊಂದು ಕಣ್ಣಿಗೆ ಒಂಚೂರು ಬೇರೆ ಚಿತ್ರ ಸಿಗುತ್ತದೆ. ಮಿದುಳು ಎರಡನ್ನೂ ಸೇರಿಸಿ ಆಳ ಅಳೆಯುತ್ತದೆ. ಇದನ್ನು ಬ್ರಿಟಿಷ್ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ಕನ್ನಡಿಗಳನ್ನಿಟ್ಟು ತೋರಿಸಿದ್ದ. 3ಡಿ ಕೋಣೆ ಅದನ್ನೇ ಗೋಡೆಯ ಅಳತೆಗೆ ತರುತ್ತದೆ, ಅಷ್ಟೇ.

ಅಷ್ಟಕ್ಕೆ ಕೋಣೆ ಯಾಕೆ? ಸ್ಟೀರಿಯೋಸ್ಕೋಪಿನಲ್ಲಿ ಒಮ್ಮೆಗೆ ಒಬ್ಬರೇ ಇಣುಕಬಹುದು. ಮೇಷ್ಟ್ರು "ಆ ಬಿರುಕು ನೋಡು" ಅನ್ನುತ್ತಾರೆ. ಎಲ್ಲಿ ಅಂತ ಗೊತ್ತಾಗುವುದಿಲ್ಲ. "ಕಾಣ್ತು ಸರ್" ಅಂತ ಎದ್ದು ಬರುತ್ತೇವೆ. ಸುಮ್ನೆ ಹೇಳಿದ ಸುಳ್ಳು ಅದು, ನಾವೆಲ್ಲ ಹೇಳಿದ್ದೇವೆ. ಪರದೆಯ ಮುಂದೆ ಇಪ್ಪತ್ತು ಮಂದಿ ಕೂತರೆ ಬಿರುಕಿನ ಮೇಲೆ ಕಡ್ಡಿ ಇಟ್ಟು ತೋರಿಸಬಹುದು, ಜಗಳವನ್ನೂ ಆಡಬಹುದು.

ನೋಡುವುದಕ್ಕೆ ಇಲ್ಲಿ ಸರಕಿಗೇನು ಕೊರತೆಯಿಲ್ಲ. ಧಾರವಾಡ ಪೇಡೆಯ ಹೆಸರು ಕೇಳದ ಹೊರದೇಶದ ಭೂವಿಜ್ಞಾನಿಗೂ ಧಾರವಾಡ ಕ್ರೇಟಾನ್, ಅಂದರೆ ಭೂಮಿಯ ಹೊರಪದರದ ಈ ಬಹು ಹಳೆಯ ಗಟ್ಟಿ ತುಂಡು, ಗೊತ್ತು. ಗದಗಿನ ಕಪ್ಪತಗುಡ್ಡದ ಕಲ್ಲು 250 ಕೋಟಿ ವರ್ಷಕ್ಕಿಂತ ಹಳೆಯದು. ಇಂಥ ಗಟ್ಟಿ ಕಲ್ಲಿನಲ್ಲಿ ನೀರು ಇರುವುದೇ ಬಿರುಕುಗಳಲ್ಲಿ. ಒಂದು ತಾಲ್ಲೂಕಿನ ನೂರಾರು ಬೋರ್‌ವೆಲ್‌ಗಳ ದಾಖಲೆ ಇದೆ ಅನ್ನಿ. ಎಷ್ಟು ಅಡಿಗೆ ಮಣ್ಣು ಮುಗಿಯಿತು, ಎಷ್ಟಕ್ಕೆ ನೀರು ಬಂತು. ಕಾಗದದಲ್ಲಿ ಅದು ಬರೀ ಅಂಕಿ ಸಾಲು. ಅವನ್ನೇ ನೆಲದೊಳಗೆ ಇಳಿಬಿಟ್ಟ ಕಂಬಗಳಂತೆ ಎದುರಿಗೆ ನಿಲ್ಲಿಸಿದರೆ, ಯಾವ ಬಿರುಕು ಯಾವ ಕಡೆ ವಾಲಿದೆ ಅನ್ನುವುದನ್ನು ಕಣ್ಣೇ ಹಿಡಿಯುತ್ತದೆ. ಪ್ರೋಟೀನ್ ಅಣುವಿಗೂ, ಸಿಟಿ ಸ್ಕ್ಯಾನಿಗೂ ಇದೇ ಮಾತು.

ಖರ್ಚಿಗೆ ಹೆದರಬೇಕಿಲ್ಲ. 1992ರಲ್ಲಿ ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯ ಗೋಡೆ, ನೆಲ ಎಲ್ಲ ಪರದೆಯೇ ಆದ 'ಕೇವ್' ಕಟ್ಟಿತು. ನಾವು ಅದನ್ನು ಕಟ್ಟಬೇಕಾಗಿಲ್ಲ. 2000ರ ದಶಕದಲ್ಲಿ ಅಮೆರಿಕದ ಭೂವಿಜ್ಞಾನದವರೇ 'ಜಿಯೋವಾಲ್' ಅಂತ ಅಗ್ಗದ್ದೊಂದು ಹೊಂದಿಸಿಕೊಂಡರು. ಎರಡು ಪ್ರೊಜೆಕ್ಟರ್, ಮುಂದೆ ಕನ್ನಡಕದ ಜೊತೆ ಸೇರಿ ಒಂದೊಂದು ಕಣ್ಣಿಗೆ ಅದರದೇ ಚಿತ್ರ ಬಿಡುವ ಪೋಲರೈಸಿಂಗ್ ಫಿಲ್ಟರ್, ಬೆಳ್ಳಿ ಬಣ್ಣದ ಪರದೆ, ಒಂದು ಕಂಪ್ಯೂಟರ್. ನಮಗೆ ಅಷ್ಟು ಸಾಕು.

ವಿರೋಧ

ಬೀಗದ ಕೈ ಯಾರ ಹತ್ತಿರ ಇರುತ್ತದೆ? ನನ್ನ ಮೊದಲ ಪ್ರಶ್ನೆ ಇದು.

ಇಂಥದ್ದೊಂದು ಕೋಣೆ ನೋಡಿದ್ದೇನೆ. ಎಲ್ಲಿ ಅಂತ ಹೇಳುವುದಿಲ್ಲ. ಬಾಗಿಲ ಪಕ್ಕ ಉದ್ಘಾಟನೆಯ ಫೋಟೊ ಇತ್ತು. ಬೆಳ್ಳಿ ಪರದೆಯನ್ನು ಯಾರೋ ಒದ್ದೆ ಬಟ್ಟೆಯಿಂದ ಒರೆಸಿದ್ದರು, ನಡುಮಧ್ಯ ಅಂಗೈಯಷ್ಟು ಅಗಲದ ಕಲೆ. ಎಡಗಡೆಯ ಪ್ರೊಜೆಕ್ಟರ್ ಲ್ಯಾಂಪ್ ಸುಟ್ಟು ಹೋಗಿ ಅದೊಂದನ್ನೇ ಬದಲಿಸಿದ್ದರು. ಹೊಸದು ಝಗಝಗ, ಬಲಗಡೆಯ ಹಳೆಯದು ಮಂಕು. ಒಂದು ಕಣ್ಣಿಗೆ ಬಿಸಿಲು, ಇನ್ನೊಂದಕ್ಕೆ ಮುಸ್ಸಂಜೆ. ಹತ್ತು ನಿಮಿಷಕ್ಕೆ ತಲೆನೋವು ಶುರು. ಇನ್ನೊಂದು ಸಲ ಹೋದಾಗ ಕನ್ನಡಕಗಳು ಕಪಾಟಿನಲ್ಲಿದ್ದವು. ಕೀಲಿ ಇಟ್ಟುಕೊಂಡವರು ರಜೆಯಲ್ಲಿದ್ದರು. ಮೂರನೇ ಸಲ ಕಂಪ್ಯೂಟರೇ ಇರಲಿಲ್ಲ, ಅಡ್ಮಿಷನ್ ಕೆಲಸಕ್ಕೆ ಒಯ್ದಿದ್ದರು.

ಎಲ್ಲ ಸರಿಯಾಗಿ ನಡೆದರೂ ತೊಡಕುಗಳಿವೆ. ಇಪ್ಪತ್ತು ಮಂದಿ ಒಂದೇ ಗುಡ್ಡ ನೋಡುತ್ತಾರೆ ಅನ್ನುವುದು ಅರ್ಧ ನಿಜ. ಚಿತ್ರವನ್ನು ಒಂದು ಜಾಗದಲ್ಲಿ ನಿಂತ ಕಣ್ಣಿಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ಮೂಲೆಯಲ್ಲಿ ಕೂತವನಿಗೆ ಗುಡ್ಡ ವಾಲಿಕೊಂಡೇ ಕಾಣುತ್ತದೆ. ಅದೇ ಬಿರುಕಿನ ವಾಲು ಅಳೆಯುವ ಪಾಠ ಬೇರೆ! ಜೊತೆಗೆ ಕಣ್ಣಿನ ಗೊಂದಲ. ಗುಡ್ಡ ಗಾಳಿಯಲ್ಲಿ ತೇಲುತ್ತಿದ್ದರೂ ಬೆಳಕು ಬರುವುದು ಪರದೆಯಿಂದ. ಎರಡೂ ಕಣ್ಣು ಒಂದು ಕಡೆ ಸೇರುತ್ತವೆ, ಮಸೂರ ಇನ್ನೊಂದು ಕಡೆ ಫೋಕಸ್ ಮಾಡುತ್ತದೆ. ದಣಿವು ಬರುವುದು ಅಲ್ಲಿಂದಲೇ. ಮೆಳ್ಳೆಗಣ್ಣಿನವರಲ್ಲಿ ಹಲವರಿಗೆ ಈ ಆಳ ಕಾಣುವುದೇ ಇಲ್ಲ. ಅವರನ್ನು ಹೊರಗೆ ಕೂರಿಸುತ್ತೀರಾ?

ಲ್ಯಾಪ್‌ಟಾಪಿನಲ್ಲಿ ಪ್ಯಾರಾವ್ಯೂ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಅದೇ ಕಂಬಗಳನ್ನು ಮೌಸಿನಿಂದ ತಿರುಗಿಸಿ ನೋಡಿ. ತಿರುಗುತ್ತಿದ್ದಂತೆ ಹತ್ತಿರದ್ದು ಬೇಗ ಸರಿಯುತ್ತದೆ, ದೂರದ್ದು ನಿಧಾನ. ಅಲ್ಲೇ ಆಳ ತಿಳಿಯುತ್ತದೆ, ಒಂದು ಕಣ್ಣು ಮುಚ್ಚಿಕೊಂಡರೂ. ಇನ್ನು ಈ ಬಾವಿಯ ನೀರು ಆ ಬಾವಿಗಿಂತ ಎಷ್ಟು ಕೆಳಗೆ ಅಂತ ಬೇಕಾದರೆ ಚಪ್ಪಟೆ ಗ್ರಾಫೇ ವಾಸಿ. 3ಡಿ ಟಿವಿಯ ಗತಿಯೂ ನೆನಪಿರಲಿ. 2017ರ ಹೊತ್ತಿಗೆ ದೊಡ್ಡ ಕಂಪನಿಗಳು ಅದನ್ನು ಕೈಬಿಟ್ಟವು.

ಇದೆಲ್ಲಕ್ಕಿಂತ ಮೊದಲು ಆ ಬೋರ್‌ವೆಲ್ ದಾಖಲೆ ಎಲ್ಲಿದೆ? ನಾನು ಕೈಯಲ್ಲಿ ಹಿಡಿದ ಒಂದು ನೋಟ್‌ಬುಕ್ಕಿನಲ್ಲಿ ಕೆಲವು ಪುಟ ಅಡಿಯಲ್ಲಿ, ಕೆಲವು ಮೀಟರಿನಲ್ಲಿ. ಒಂದು ಬಾವಿಗೆ ಮೇಲಿನ 30 ಅಡಿ "ಮಣ್ಣು, ಮೊರಂ" ಅಂತ ಬರೆದು, ಕೆಳಗಿನ 200 ಅಡಿಗೆ ಒಂದೇ ಸಾಲು: "ಕರಿ ಕಲ್ಲು, ಗಟ್ಟಿ". ಬಾವಿ ಯಾವ ಸರ್ವೆ ನಂಬರಿನಲ್ಲಿದೆ ಅನ್ನುವುದು ನೀರು ಬಿದ್ದು ಅಳಿಸಿತ್ತು. ಪ್ರೊಜೆಕ್ಟರಿನ ದುಡ್ಡಿನಲ್ಲಿ ಇಬ್ಬರು ಹುಡುಗರನ್ನು ಒಂದು ವರ್ಷಕ್ಕೆ ತೆಗೆದುಕೊಳ್ಳಿ. ಜಿಪಿಎಸ್ ಹಿಡಿದು ಬಾವಿ ಬಾವಿಗೆ ಹೋಗಿ ಈ ನೋಟ್‌ಬುಕ್ ಸರಿಮಾಡಿಕೊಂಡು ಬರಲಿ. ಪರದೆಯ ಮಾತು ಆಮೇಲೆ ಆಡೋಣ.