ವೀಟೋ ಪೂರ್ತಿ ಹೋಗಿಲ್ಲ
1911ರ ಪಾರ್ಲಿಮೆಂಟ್ ಕಾಯ್ದೆ ಬಂದ ಮೇಲೆ ಬ್ರಿಟನ್ನಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಗೆ ವೀಟೋನೇ (ಮಸೂದೆಯನ್ನು ಪೂರ್ತಿ ತಡೆಯುವ ಅಧಿಕಾರ) ಇಲ್ಲ ಎಂದು ಒಂದು ಲೇಖನ ಹೇಳುತ್ತದೆ. ಅರ್ಧ ಸರಿ. ಧನ ವಿಧೇಯಕಗಳ (ತೆರಿಗೆ, ಸರ್ಕಾರಿ ಖರ್ಚಿನ ಮಸೂದೆಗಳ) ಮಟ್ಟಿಗೆ ಹೌದು: ಕೆಳಮನೆಯಾದ ಕಾಮನ್ಸ್‌ನ ಸ್ಪೀಕರ್ ಪ್ರಮಾಣೀಕರಿಸಿದ್ದನ್ನು ಅಧಿವೇಶನ ಮುಗಿಯಲು ಕನಿಷ್ಠ ಒಂದು ತಿಂಗಳಿರುವಾಗ ಕಳಿಸಿದರೆ, ಲಾರ್ಡ್ಸ್ ತಿಂಗಳೊಳಗೆ ತಿದ್ದದೆ ಒಪ್ಪಬೇಕು. ಇಲ್ಲವಾದರೆ ಅವರನ್ನು ಬಿಟ್ಟು ನೇರ ರಾಜನ ಅಂಕಿತಕ್ಕೆ. 1909ರಲ್ಲಿ ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ ಅವರ ಬಜೆಟ್ಟನ್ನು ತಿರಸ್ಕರಿಸಿದ್ದಕ್ಕೆ ಅವರು ತೆತ್ತ ದಂಡ ಇದು.

ಉಳಿದ ಮಸೂದೆಗಳನ್ನು 1911ರ ಪ್ರಕಾರ ಎರಡು ವರ್ಷ, ಮೂರು ಅಧಿವೇಶನ ತಡೆಯಬಹುದಿತ್ತು. 1949ರಲ್ಲಿ ಅದು ಒಂದು ವರ್ಷ, ಎರಡು ಅಧಿವೇಶನಕ್ಕೆ ಇಳಿಯಿತು. ವರ್ಷದ ಎಣಿಕೆ ಶುರುವಾಗುವುದು ಕಾಮನ್ಸ್‌ನಲ್ಲಿ ಮೊದಲ ಸಲ ಎರಡನೇ ವಾಚನವಾದ (ಮಸೂದೆಯ ಮೂಲ ತತ್ವದ ಮೇಲೆ ಚರ್ಚೆ ನಡೆದ) ದಿನದಿಂದ, ಲಾರ್ಡ್ಸ್ ತಿರಸ್ಕರಿಸಿದ ದಿನದಿಂದಲ್ಲ. ತೊಡಕಿರುವುದು ಬೇರೆ ಕಡೆ: ಎರಡನೇ ಸಲ ಹೋಗುವ ಮಸೂದೆ ಹೆಚ್ಚುಕಡಿಮೆ ಮೊದಲಿನದೇ ಆಗಿರಬೇಕು. ತನ್ನದೇ ಮಸೂದೆಯಲ್ಲಿ ಲೋಪ ಕಂಡರೂ ಕಾಮನ್ಸ್ ಅದನ್ನು ಬರೀ ಸಲಹೆಯಾಗಿ ಕಳಿಸಬಹುದು. ಲಾರ್ಡ್ಸ್ ಒಪ್ಪಿದರಷ್ಟೇ ಸೇರುತ್ತದೆ. ನಾಯಿ ಬಿಟ್ಟು ನರಿ ಬೇಟೆಯಾಡುವುದನ್ನು ನಿಷೇಧಿಸಿದ 2004ರ ಕಾಯ್ದೆ ಹೀಗೆ ಲಾರ್ಡ್ಸ್ ಒಪ್ಪಿಗೆಯಿಲ್ಲದೆಯೇ ಬಂತು. ಲಾರ್ಡ್ಸ್ ಒಪ್ಪದ 1949ರ ಕಾಯ್ದೆಯೇ ಅಸಿಂಧು ಎಂಬ ಬೇಟೆಗಾರರ ವಾದವನ್ನು 2005ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ತಳ್ಳಿಹಾಕಿದರು.

ನಮ್ಮ ವಿಧಾನ ಪರಿಷತ್ತು ಸಾಮಾನ್ಯ ಮಸೂದೆಯನ್ನು ಮೊದಲ ಸಲ ಮೂರು ತಿಂಗಳು, ಮತ್ತೆ ಬಂದಾಗ ಒಂದು ತಿಂಗಳು ಮಾತ್ರ ಹಿಡಿದಿಡಬಹುದು. ಆ ಲೆಕ್ಕದಲ್ಲಿ ಲಾರ್ಡ್ಸ್ ಗಟ್ಟಿಯೇ.

ಇನ್ನು ಪೂರ್ತಿ ವೀಟೋ ಇವತ್ತಿಗೂ ಉಳಿದಿರುವುದು ಇಲ್ಲಿ: ಪಾರ್ಲಿಮೆಂಟಿನ ಅವಧಿಯನ್ನು ಐದು ವರ್ಷದಾಚೆ ಎಳೆಯುವ ಮಸೂದೆ, ಲಾರ್ಡ್ಸ್‌ನಲ್ಲೇ ಮೊದಲು ಮಂಡನೆಯಾದದ್ದು, ಮತ್ತು ಅಧೀನ ಶಾಸನ (ಕಾಯ್ದೆಯ ಅಡಿ ಸರ್ಕಾರ ಮಾಡುವ ನಿಯಮಗಳು). 2015ರ ಅಕ್ಟೋಬರಿನಲ್ಲಿ ಟ್ಯಾಕ್ಸ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುತ್ತಿದ್ದ ನೆರವು) ಕಡಿತದ ನಿಯಮಗಳನ್ನು ಲಾರ್ಡ್ಸ್ ತಡೆದು ನಿಲ್ಲಿಸಿದ್ದು ಈ ಕೊನೆಯ ಸಂದಿಯಿಂದಲೇ.